ಮೊಟ್ಟಮೊದಲ ಮಾಡೆಲ್

ಗಿರಾಕಿಗಳ ಹಾಗೆ ಬಂದು ನಮ್ಮನ್ನು ಪರೀಕ್ಷಿಸಲು ಕಂಪನಿ ಆಗಾಗ ಯಾರನ್ನಾದರೂ ಕಳಿಸುತ್ತದೆ. ಕಳೆದ ತಿಂಗಳು ನಮ್ಮ ಶೋರೂಮಿನ ಇಬ್ಬರ ಕೆಲಸ ಹಾಗೆಯೇ ಹೋಯಿತು. ಆದ್ದರಿಂದ, ಕಾರನ್ನು ಸರ್ವಿಸ್‌ಗೆ ಬಿಟ್ಟು ಒಳಗೆ ಬಂದ ಹೆಂಗಸು ಪ್ರಶ್ನೆ ಕೇಳತೊಡಗಿದಾಗ ನಾನು ಒಂದೊಂದು ಮಾತನ್ನೂ ತೂಗಿ ಆಡಿದೆ.

“ಇದು ಎಲ್ಲೀ ಕಂಪನಿ?”

“ಚೀನಾದ್ದು ಮೇಡಂ. ಮೊದ್ಲು ಬರೀ ಬ್ಯಾಟರಿ ಮಾಡ್ತಿದ್ರು, ಆಮೇಲೆ ಕಾರಿಗೆ ಬಂದ್ರು.”

“ಎಲ್ಲಾ ಬಾಯಿಪಾಠ ಮಾಡ್ಕೊಂಡಿದೀರಲ್ಲ!”

“ಮಾಡ್ಕೊಳ್ಳೇಬೇಕಲ್ಲ ಮೇಡಂ.”

“ಈ ಬಿಳೀದ್ರಲ್ಲಿ ಮೊಬೈಲ್ ಆ್ಯಪ್ ಇದ್ಯಾ?”

“ಇದೆ. ಕಾರು ಎಲ್ಲಿದೆ ಅಂತ ಮನೇಲಿ ಕೂತೇ ನೋಡ್ಬಹುದು.”

“ಇದಕ್ಕಿಂತ ಹಿಂದಿನದ್ರಲ್ಲಿ?”

“ಅದ್ರಲ್ಲೂ ಇದೆ.”

“ಅದಕ್ಕೂ ಹಿಂದಿನದ್ರಲ್ಲಿ?”

ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಅಂಕ ಹಾಕುವವರ ಮುಖ ಹಾಗೆಯೇ ಇರುತ್ತದೆ ಅಂದುಕೊಂಡೆ.

“ಅದ್ರಲ್ಲೂ ಇದೆ ಮೇಡಂ. ಮೊಟ್ಟಮೊದಲ ಮಾಡೆಲ್‌ನಲ್ಲಿ ಮಾತ್ರ ಇಲ್ಲ. ಅದನ್ನ ಮಾಡೋದೇ ನಿಲ್ಲಿಸಿಬಿಟ್ರು. ಎಕ್ಸ್‌ಚೇಂಜ್‌ಗೆ ಬಂದಿದ್ದು ಒಂದು ಹಿಂದ್ಗಡೆ ನಿಂತಿದೆ, ಬಣ್ಣ ಎಲ್ಲಾ ಮಾಸಿದೆ.”

“ಓಡುತ್ತಾ?”

“ಚೆನ್ನಾಗೇ ಓಡುತ್ತೆ.”

ಉತ್ತರ ಸರಿಯಾಯಿತೋ ಇಲ್ಲವೋ ಎಂದು ಕಾದೆ. ಅವರು ಬ್ಯಾಗಿನಿಂದ ತಮ್ಮ ಕಾರಿನ ಕಾಗದಪತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ನಂಗೆ ಅದನ್ನೇ ಕೊಡಿ, ಬದಲಿಗೆ ನನ್ನ ಕಾರು ಇಟ್ಕೊಳ್ಳಿ. ಆದ್ರೆ ಸಂಜೆವರೆಗೂ ನನ್ನದನ್ನ ಇಲ್ಲಿಂದ ಕದಲಿಸ್ಬೇಡಿ, ನಮ್ಮನೆಯವರು ಫೋನಲ್ಲಿ ನೋಡ್ತಾ ಕೂತಿರ್ತಾರೆ.”