ಹಸುಗಳ ಮುಂದೆ ಈಜುವವನು

"ಅಂಗಿ ಬಿಚ್ಚಿ ತಲೆಗೆ ಕಟ್ಕೊಳ್ಳೋ ಬುಕಾರ್, ಇನ್ನೂ ಏನ್ ನೋಡ್ತಿದೀಯ?" ಜ್ವರದಲ್ಲಿ ನಡುಗುತ್ತ, ಕಂಬಳಿ ಹೊದ್ದು ದಡದಲ್ಲಿ ಕೂತಿದ್ದ ಅಪ್ಪ ಕೂಗಿದ.

ಮಳೆ ನಿಂತು ಮೂರು ತಿಂಗಳಾಗಿತ್ತು. ದೂರದ ದಕ್ಷಿಣದಲ್ಲಿ ಸುರಿದದ್ದು ನದಿಯಾಗಿ ಈಗಷ್ಟೇ ಚಾಡ್ ಸರೋವರ ಮುಟ್ಟಿ, ದ್ವೀಪದ ಹುಲ್ಲು ದಿನಕ್ಕೊಂದು ಗೇಣು ಮುಳುಗುತ್ತಿತ್ತು. ಇದ್ದಬದ್ದ ಹಸುಗಳೆಲ್ಲ ಇವತ್ತೇ ಆಚೆ ದ್ವೀಪ ಸೇರಬೇಕು. ಮನೆಯ ಗಂಡಸು ಕೂಗುತ್ತ ಮುಂದೆ ಈಜಿದರೆ, ನೀರ ಮೇಲೆ ಕಾಣುವ ಆ ತಲೆಯ ಹಿಂದೆ ಅವು ಈಜಿ ಬರುತ್ತವೆ.

ಒಂಬತ್ತು ವರ್ಷ ರಾಜಧಾನಿ ಎನ್‌ಜಮೇನಾದ ಕಚೇರಿಯಲ್ಲಿ ಕೂತು ಬಂದಿದ್ದ ಬುಕಾರ್ ನೀರಿಗೆ ಬೆರಳದ್ದಿ ತೆಗೆದ. "ಈ ಚಳಿಗಾಳೀಲಿ ಯಾಕಪ್ಪ? ಮೋಟಾರ್ ದೋಣಿ ತಂದಿದೀನಲ್ಲ. ದೊಡ್ಡ ಹಸೂಗೆ ಹಗ್ಗ ಹಾಕಿ ಎಳೀತೀನಿ, ಉಳಿದವು ತಾವೇ ಬರ್ತವೆ."

"ಎಳೀತಾನಂತೆ! ಕೆಟ್ಟು ನಿಂತ ಲಾರಿ ಅಂದ್ಕೊಂಡಿದಾನೆ," ಅಂದಳು ಅಕ್ಕ ಫಾಲ್ಮಾತಾ.

"ನಗಬೇಡ ಕಣಕ್ಕ. ಕಾಲ ಬದಲಾಗಿದೆ."

ನಡುನೀರಿನವರೆಗೆ ಎಲ್ಲ ಸರಿಯಿತ್ತು. ಆಮೇಲೆ ದೊಡ್ಡ ಹಸು ಮೋಟಾರಿನ ಸದ್ದಿಗೆ ಬೆದರಿ ಹಿಂದಕ್ಕೆ ತಿರುಗಿತು. ಹಗ್ಗ ಬಿಗಿದು ಮೂತಿ ನೀರೊಳಗೆ ಹೋಯಿತು. ಆ ತಳಿಯ, ಸೋರೆಬುರುಡೆಯಂತೆ ಉಬ್ಬಿದ ಕೊಂಬುಗಳಷ್ಟೇ ಮೇಲೆ. ಹಿಂದಿನವು ದಿಕ್ಕು ತಪ್ಪಿ ಇದ್ದಲ್ಲೇ ಸುತ್ತತೊಡಗಿದವು.

"ಹಗ್ಗ ಕೊಯ್ಯೋ! ನೀರಿಗೆ ಬೀಳೋ!" ಅಪ್ಪನ ದನಿ ಒಡೆಯಿತು.

ಬುಕಾರ್ ಹಗ್ಗ ಕೊಯ್ದ. ನೀರಿಗೆ ಬೀಳಲಿಲ್ಲ. ದೋಣಿಯ ಅಂಚು ಹಿಡಿದ ಕೈ ಅವನ ಮಾತೇ ಕೇಳಲಿಲ್ಲ.

ದಡದಿಂದ ಫಾಲ್ಮಾತಾ ನೀರಿಗಿಳಿದಳು. ಈ ಕೆಲಸಕ್ಕೆ ಹೆಂಗಸು ನೀರಿಗಿಳಿದದ್ದನ್ನು ಆ ದ್ವೀಪ ಕಂಡಿರಲಿಲ್ಲ. ಮೇಲುಬಟ್ಟೆ ತಲೆಗೆ ಸುತ್ತಿಕೊಂಡು, ಅಪ್ಪನ ಹಾಗೆಯೇ ಗಂಟಲಾಳದಿಂದ ಕೂಗುತ್ತ, ದೋಣಿಯ ಪಕ್ಕದಲ್ಲೇ ಈಜಿ ಮುಂದಾದಳು. ತಮ್ಮನ ಕಡೆ ನೋಡಲಿಲ್ಲ. ದೊಡ್ಡ ಹಸು ತಲೆಯೆತ್ತಿ ಅವಳ ಹಿಂದೆ ಬಿತ್ತು, ಉಳಿದವು ಅದರ ಹಿಂದೆ. ದಡದಲ್ಲಿ ಅಪ್ಪ ಬೆನ್ನು ತಿರುಗಿಸಿ ಕೂತ.

ಆಚೆ ದ್ವೀಪದಲ್ಲಿ, ಹಲ್ಲು ಕಟಕಟಿಸುತ್ತಲೇ ಅವಳು ದೊಡ್ಡ ಹಸುವಿನ ಹಾಲು ಕರೆದಳು. ಮುಂದೆ ಈಜಿದವರಿಗೆ ಮೊದಲ ಬಟ್ಟಲು. ಅದು ಮೊದಲಿಂದಲೂ ಹಾಗೆ. ಅವಳು ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬುಕಾರ್‌ನ ಮುಂದೆ ಬಂದು ನಿಂತಳು.

"ನನಗ್ಯಾಕಕ್ಕ? ನೀನು ಕುಡಿ. ನಿನ್ನದು."

"ತಗೊಳ್ಳಿ," ಅಂದಳು ಫಾಲ್ಮಾತಾ, ಮೆಲ್ಲಗೆ, ಚೂರೂ ಸಿಟ್ಟಿಲ್ಲದೆ. "ನೆಂಟರನ್ನ ಬಿಟ್ಟು ನಾವು ಕುಡಿಯೋಕಾಗುತ್ತಾ?"