ಕೆಳಗಿನ ಮನೆಯ ಬಾಡಿಗೆ

"ಸಂಬಳ ಎಷ್ಟು ಬರ್ತದಮ್ಮ?"

ಹೆಸರು ಕೇಳುವ ಮೊದಲೇ ಕಾಡಸಿದ್ದಪ್ಪ ಕೇಳಿದ್ದು ಇದನ್ನೇ. ಬಾಡಿಗೆಗೆ ಮನೆ ಕೇಳಿಕೊಂಡು ಬಂದು ಜಗಲಿಯ ತುದಿಯಲ್ಲಿ ಕುಳಿತಿದ್ದ ಭುವನಾಳ ಮೈ ಉರಿದುಹೋಯಿತು. ಇಪ್ಪತ್ತು ವರ್ಷ ಕಳೆದರೂ ಮುದುಕನ ಬಾಯಿ ಬದಲಾಗಿರಲಿಲ್ಲ. ಅವಳ ಗುರುತು ಮಾತ್ರ ಅವನಿಗೆ ಹತ್ತಿರಲಿಲ್ಲ. ಅವಳಿಗೂ ಅದೇ ಬೇಕಾಗಿತ್ತು.

ಆಗ ಅವಳು ಏಳನೇ ಕ್ಲಾಸು. ತಾಯಿ ನಾಗರತ್ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತ, ಇದೇ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಗಂಡ ತೀರಿಕೊಂಡ ತಿಂಗಳೇ ಕಾಡಸಿದ್ದಪ್ಪ ಅವರನ್ನು ಬೀದಿಗೆ ಕರೆದು, ಅಕ್ಕಪಕ್ಕದವರೆಲ್ಲ ಕೇಳುವಂತೆ ಬೆರಳು ಮಡಚಿ ಲೆಕ್ಕ ಹಾಕಿದ್ದ. ಈ ಸಂಬಳಕ್ಕೆ ಶಿರಾದ ಬಾಡಿಗೆ ಆಗದು, ಊರಿಗೆ ಹೋಗಿ ಕಡಲೆಕಾಯಿ ಬಿಡಿಸಿಕೊಂಡಿರು ಅಂದಿದ್ದ. ಬಾಕಿ ಒಂದು ಪೈಸೆಯೂ ಇರಲಿಲ್ಲ. ಆದರೂ ಒಲೆಯ ಮೇಲಿದ್ದ ಅನ್ನದ ಪಾತ್ರೆ ಬೀದಿಗೆ ಬಂತು. ನಾಗರತ್ನಮ್ಮ ಸಾಯುವವರೆಗೂ ಮತ್ತೆ ಈ ಬೀದಿ ತುಳಿಯಲಿಲ್ಲ. ಆ ಮಾತನ್ನು ಮುದುಕನಿಗೆ ತಿರುಗಿ ಕೊಡದೆ ಬಿಡುವುದಿಲ್ಲವೆಂದು ಮಗಳು ಅಂದೇ ಹಲ್ಲು ಕಚ್ಚಿದ್ದಳು.

"ಐವತ್ತು ಸಾವಿರ. ಹೈಸ್ಕೂಲ್ ಟೀಚರ್," ಎಂದಳು. "ಮೂವತ್ತು ಸಾವಿರ ಸಾಲದ ಕಂತಿಗೇ ಹೋಗುತ್ತೆ."

"ಅಷ್ಟೊಂದು ಸಾಲನಾ! ಮದುವೆಗೇನಮ್ಮ?"

"ಅದಕ್ಕಿಂತ ಬೇಕಾಗಿದ್ದಕ್ಕೆ. ವೈ.ಎನ್.ಹೊಸಕೋಟೆ ಹತ್ರ ಅಮ್ಮನ ಹೊಲ ಇತ್ತು. ಮಾರಿದ್ರೂ ಸಾಲ್ಲಿಲ್ಲ."

ಕಾಡಸಿದ್ದಪ್ಪನಿಗೆ ಹಬ್ಬವಾಯಿತು. ಕಾಂಪೌಂಡಿನಾಚೆ ಮೆಣಸಿನಕಾಯಿ ಹರವುತ್ತಿದ್ದ ಅಫ್ಜಲುನ್ನೀಸಾಗೂ ಕೇಳಲೆಂದು ದನಿ ಏರಿಸಿದ.

"ಮೇಲಿನ ಮನೆ ಹನ್ನೆರಡು ಸಾವಿರ. ಹತ್ತು ತಿಂಗಳ ಅಡ್ವಾನ್ಸು. ನೀರು, ಕರೆಂಟು ಬ್ಯಾರೆ. ಉಳಿದಿದ್ದರಾಗೆ ಉಣ್ತೀಯೋ, ಉಡ್ತೀಯೋ? ನಿನ್ನ ಸಂಬಳಕ್ಕೆ ಈ ಮನೆ ಎಟುಕಾಕಿಲ್ಲ ಕಣಮ್ಮ!"

ಅಫ್ಜಲುನ್ನೀಸಾ ಕೈ ನಿಲ್ಲಿಸಿ ಇತ್ತ ನೋಡಿದರು. ಅಂದು ತಾಯಿ ಮಗಳಿಬ್ಬರನ್ನೂ ಒಳಗೆ ಕರೆದು ರೊಟ್ಟಿ ಕೊಟ್ಟವರು ಅವರೇ. ಭುವನಾ ಅವರತ್ತ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು.

"ನಾನೂ ಅದೇ ಲೆಕ್ಕ ಹಾಕ್ತಿದೀನಿ ಯಜಮಾನ್ರೇ. ಕೆಳಗಿನದಾದ್ರೆ ಎಷ್ಟು?"

"ನಾನಿರೋದಾ? ಹೋದ ತಿಂಗಳು ಅಳಿಯ ಜನ ಕಳಿಸಿ ಅಳತೆ ಮಾಡ್ಸಿದ್ದ. ಹನ್ನೆರಡು ಚದರ ಐತೆ. ಹದಿನೆಂಟು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ. ಯಾರೇ ಬರ್ಲಿ."

"ವಯಸ್ಸಾದೋರು ಬಂದ್ರೆ?"

"ವಯಸ್ಸಾಗೈತೆ ಅಂತ ಬಾಡಿಗೆ ಬುಡಕಾಗ್ತದಾ? ನನಗೇ ನೋಡು, ಪೆನ್ಷನ್ನು ಹದಿನೈದು ಸಾವಿರ. ಊಟಕ್ಕೂ ಮಾತ್ರೆಗೂ ಸರಿಹೋಗ್ತದೆ. ಮೇಲಿನ ಬಾಡಿಗೆ ಬಂದ್ರೇನೇ ನಮ್ಮ ಜಂಬ."

"ಕರಾರು ಯಾರ ಹೆಸರಲ್ಲಿ?"

ಕಾಡಸಿದ್ದಪ್ಪ ಮೀಸೆಯಡಿ ನಕ್ಕ. "ಕಾಗದದಾಗೆ ಅಳಿಯ ಪ್ರಭುದೇವ್. ನನ್ನ ತಮ್ಮಂದಿರು ಪಾಲು ಕೇಳ್ಕಂಡು ಬರಬಾರ್ದಲ್ಲ, ಅದಕ್ಕೇ ಮನೇನ ಅವನ ಹೆಸರಿಗೆ ಬರೆದ್ಬುಟ್ಟೆ. ಹೆಸರು ಅವಂದು, ದರ್ಬಾರು ನಂದು!"

ಒಡಹುಟ್ಟಿದವರ ಕಣ್ಣಿಗೆ ಮಣ್ಣೆರಚಿದ್ದನ್ನು ಹೇಳುವಾಗ ಅವನ ಎದೆ ಉಬ್ಬಿತ್ತು. ಅಂಗಿಯ ಕಾಲರು ಹರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಭುವನಾ ಅಯ್ಯೋ ಪಾಪ ಎನ್ನುತ್ತಿದ್ದಳೇನೋ. ಇವನನ್ನು ನೋಡಿ ಅವಳಿಗೆ ಹಾಗೆ ಅನ್ನಿಸಲಿಲ್ಲ.

"ಆಯ್ತು, ಹೋಗ್ಬಾ. ಹಳ್ಳಿ ಕಡೆ ಎಲ್ಲಾರ ಸಸ್ತಾದ್ದು ನೋಡ್ಕ," ಎಂದು ಕಾಡಸಿದ್ದಪ್ಪ ಗೇಟಿನತ್ತ ಕೈ ತೋರಿದ.

ಭುವನಾ ಏಳಲಿಲ್ಲ. ಇಷ್ಟು ಹೊತ್ತು ತುದಿಯಲ್ಲಿ ಕುಳಿತಿದ್ದವಳು ಜಗಲಿಯ ಗೋಡೆಗೊರಗಿ ಆರಾಮಾಗಿ ಕುಳಿತಳು. ಈ ಸಲ ದನಿ ಏರಿಸಿದ್ದು ಅವಳು.

"ನಾನು ನಾಗರತ್ನಮ್ಮನ ಮಗಳು ಯಜಮಾನ್ರೇ. ನಿಮ್ಮ ಅಳಿಯ ಹೋದ ವಾರ ಈ ಮನೆಯನ್ನ ನನಗೆ ರಿಜಿಸ್ಟರ್ ಮಾಡ್ಕೊಟ್ರು. ಕೆಳಗಿನದಕ್ಕೆ ನೀವೇ ಹೇಳಿದ ಬಾಡಿಗೆ ಕಟ್ಕೊಂಡು ಇರ್ತೀರೋ, ಖಾಲಿ ಮಾಡ್ತೀರೋ?"