ಹೊಗೆಯ ದಿಕ್ಕು

ಹುಡುಗನಿಗೆ ಮೂಳೆಯ ಮಜ್ಜೆ ಕಸಿ ಮಾಡಿದ್ದರು. ಅವನ ಕೋಣೆಯ ಗಾಳಿ ಸದಾ ಹೊರಕ್ಕೇ ಹರಿಯುತ್ತಿರಬೇಕು. ಕಾರಿಡಾರಿನ ಗಾಳಿ ಒಳಗೆ ನುಸುಳಿದರೆ ಅದರ ಜೊತೆಗೇ ಸೋಂಕೂ ನುಗ್ಗೀತು. ಗಾಳಿಯ ಹರಿವನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಬೆಳಗ್ಗೆಯಿಂದ ಕೈಕೊಟ್ಟಿತ್ತು.

"ಸರಿಯಾಗಿ ನೋಡಪ್ಪಾ, ನಂಗಿರೋನು ಇವ್ನೊಬ್ನೇ," ಎಂದು ಮೆಕ್ಯಾನಿಕ್‌ಗೆ ಹೇಳಿ ಹುಡುಗನ ತಾಯಿ ಗಂಜಿ ತರಲು ಹೋದಳು. ಹುಡುಗನಿಗೆ ಈಗಷ್ಟೇ ನಿದ್ದೆ ಹತ್ತಿತೆಂದು ಸಿಸ್ಟರ್ ಗಾಜಿನ ಕಿಟಕಿಗೆ ಪರದೆ ಎಳೆದರು.

ಮೆಕ್ಯಾನಿಕ್ ಏಣಿ ಹತ್ತಿ ಕಂಟ್ರೋಲರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ, ಕಿವಿಗೊಟ್ಟ, ಮತ್ತೆ ತಿರುಗಿಸಿದ. ಅಳೆದು ನೋಡೋಣವೆಂದರೆ ಮೀಟರಿನ ಬ್ಯಾಟರಿ ಮುಗಿದಿತ್ತು.

"ಸಿಸ್ಟರ್, ದೇವರ ಫೋಟೊ ಹತ್ರ ಊದುಬತ್ತಿ ಇದ್ರೆ ಒಂದು ಕೊಡಿ. ಬಾಗಿಲ ಸಂದೀಲಿ ಹಿಡಿದ್ರೆ ಗಾಳಿ ಯಾವ ಕಡೆ ಹೋಗ್ತಿದೆ ಗೊತ್ತಾಗುತ್ತೆ."

"ಹೊಗೆ ಒಳಗೆ ಹೋದ್ರೆ?"

"ಒಂದೆಳೆ ಆ ಕಡೆ ವಾಲಿದ್ರೂ ಆರಿಸ್ಬಿಡ್ತೀನಿ."

ಮುಚ್ಚಿದ ಬಾಗಿಲ ಮುಂದೆ ಮಂಡಿಯೂರಿ, ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಅವನು ಊದುಬತ್ತಿಯನ್ನು ಕೆಳಗಿನ ಸಂದಿಗೆ ಹಿಡಿದ. ಹೊಗೆ ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ ಅಷ್ಟೂ ಅವನ ಮುಖಕ್ಕೇ ಹೊಡೆಯಿತು. ಗಾಳಿ ಹೊರಕ್ಕೆ ಬರುತ್ತಿತ್ತು. ಹುಡುಗನಿಗೆ ಇನ್ನು ಭಯವಿಲ್ಲ. ಸಮಾಧಾನಕ್ಕೋ ಹೊಗೆಗೋ, ಮೆಕ್ಯಾನಿಕ್‌ನ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಹಿಂದೆ ಚಪ್ಪಲಿಯ ಸದ್ದು ನಿಂತಿತು. ಅವನು ತಿರುಗಿದ. ತಾಯಿ ಊದುಬತ್ತಿಯನ್ನು ನೋಡಿದಳು, ಅವನ ಕಣ್ಣನ್ನು ನೋಡಿದಳು, ಗಂಜಿಯ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಎಷ್ಟೊತ್ತಿಗೆ ಹೋದನಪ್ಪಾ?"